ಪಿಂಕ್ ಫ್ಲಾಯ್ಡ್ ಪೆಟ್ಟಿಗೆ: ಹಾಡಿನ ಪಟ್ಟಿಗಿಂತ ಮೊದಲು ಮೂಲ ಟೇಪು ನೋಡಿ

ಸಂಪಾದಕರಿಗೆ ನಮಸ್ಕಾರ.

ರಾಕ್ ತಂಡಗಳ ಹಳೆಯ ಲೈವ್ ಕಾರ್ಯಕ್ರಮಗಳನ್ನು ಪೆಟ್ಟಿಗೆಗೆ ತುಂಬಿ ಮಾರುವ ವ್ಯಾಪಾರದ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆವು. ‘ಹಳೇ ಕಡಲೆಕಾಯಿ, ಹೊಸ ಪೊಟ್ಟಣ’ ಎಂದು ಬರಹಗಾರರು ಎಲ್ಲವನ್ನೂ ಒಂದೇ ಏಟಿಗೆ ತಳ್ಳಿಹಾಕಿದ್ದಾರೆ. ಉದಾಹರಣೆಗೆ ಎತ್ತಿಕೊಂಡದ್ದು ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ತಂಡದ ‘ದಿ ಲೇಟರ್ ಇಯರ್ಸ್’ ಎಂಬ ಡಿಸ್ಕುಗಳ ಪೆಟ್ಟಿಗೆ. ಪೊಟ್ಟಣದ ಮಾತು ಅರ್ಧ ಸರಿ. ಕಡಲೆಕಾಯಿಯ ಮಾತು ತಪ್ಪು. ಆ ಪೆಟ್ಟಿಗೆಯೊಳಗೆ ಒಂದು ಡಿಸ್ಕಿಗೂ ಇನ್ನೊಂದಕ್ಕೂ ಅಜಗಜಾಂತರವಿದೆ. ಕೆಲವು ನಿಜಕ್ಕೂ ಹೊಸದಾಗಿ ಹುರಿದವು, ಕೆಲವು ಬರೀ ಬಿಸಿ ಮಾಡಿದವು. ಯಾವುದು ಯಾವುದೆಂದು ತಿಳಿಯಲು ಹಾಡುಗಳ ಪಟ್ಟಿ ನೋಡಿದರೆ ಸಾಲದು. ಅಂದು ಅದನ್ನು ಚಿತ್ರೀಕರಿಸಿದ್ದು ಫಿಲ್ಮಿನ ಮೇಲೋ ವಿಡಿಯೊ ಟೇಪಿನ ಮೇಲೋ, ಧ್ವನಿಯನ್ನು ಮೂಲ ಟೇಪಿನಿಂದ ಮತ್ತೆ ಮಿಕ್ಸ್ ಮಾಡಿದರೋ (ಅಂದರೆ ವಾದ್ಯ, ದನಿಗಳ ಹದವನ್ನು ಹೊಸದಾಗಿ ಬೆರೆಸಿದರೋ) ಇದ್ದದ್ದನ್ನೇ ಉಜ್ಜಿದರೋ ಎಂದು ಕೇಳಬೇಕು.

ಮೊದಲು ಪೆಟ್ಟಿಗೆಯಲ್ಲಿ ಏನಿದೆ ಎಂಬುದು. 2019ರ ಡಿಸೆಂಬರಿನಲ್ಲಿ ಬಂದ ಇದರಲ್ಲಿ 5 ಸಿಡಿ, 6 ಬ್ಲೂ-ರೇ, 5 ಡಿವಿಡಿ, ಜೊತೆಗೆ ಎರಡು ಏಳಿಂಚಿನ ವಿನೈಲ್ ತಟ್ಟೆಗಳಿವೆ. ರೋಜರ್ ವಾಟರ್ಸ್ ತಂಡ ಬಿಟ್ಟ ನಂತರ ಡೇವಿಡ್ ಗಿಲ್ಮೋರ್, ನಿಕ್ ಮೇಸನ್, ರಿಚರ್ಡ್ ರೈಟ್ ಸೇರಿ ನಡೆಸಿದ ಕಾಲದ ಸರಕು ಇದು. ಮುಖ್ಯವಾದ ಲೈವ್ ಭಾಗಗಳು ನಾಲ್ಕು: 1988ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ನಸ್ಸೋ ಕೊಲಿಸಿಯಂನಲ್ಲಿ ತೆಗೆದ ‘ಡೆಲಿಕೇಟ್ ಸೌಂಡ್ ಆಫ್ ಥಂಡರ್’, 1989ರ ಜುಲೈ 15ರಂದು ಇಟಲಿಯ ವೆನಿಸ್ಸಿನಲ್ಲಿ ನಡೆದ ಕಾರ್ಯಕ್ರಮ, 1990ರ ಜೂನ್ 30ರಂದು ಇಂಗ್ಲೆಂಡಿನ ನೆಬ್‌ವರ್ತ್‌ನಲ್ಲಿ ನಡೆದದ್ದು, 1994ರ ಅಕ್ಟೋಬರ್ 20ರಂದು ಲಂಡನ್ನಿನ ಅರ್ಲ್ಸ್ ಕೋರ್ಟಿನಲ್ಲಿ ಚಿತ್ರೀಕರಿಸಿದ ‘ಪಲ್ಸ್’. ಡಿವಿಡಿಗಳಲ್ಲಿರುವುದು ಬಹುಪಾಲು ಬ್ಲೂ-ರೇಯಲ್ಲಿ ಇರುವುದೇ. ಬ್ಲೂ-ರೇ ಪ್ಲೇಯರ್ ಇದ್ದವರಿಗೆ ಆ ಐದು ತಟ್ಟೆಗಳಿಂದ ಏನೂ ಪ್ರಯೋಜನವಿಲ್ಲ, ಆದರೆ ದುಡ್ಡು ಕೊಟ್ಟೇ ಕೊಳ್ಳಬೇಕು. ಈ ವಿಷಯದಲ್ಲಿ ಅಭಿಮಾನಿಗಳ ಗೊಣಗಾಟಕ್ಕೆ ನಮ್ಮ ಪೂರ್ಣ ಬೆಂಬಲವಿದೆ.

ಇನ್ನೊಂದು ಗೊಣಗಾಟ ಬಿಡಿ ಮಾರಾಟದ್ದು. ಪೆಟ್ಟಿಗೆ ಬಂದು ಒಂದು ವರ್ಷ ತುಂಬುವ ಮೊದಲೇ, 2020ರ ನವೆಂಬರಿನಲ್ಲಿ, ‘ಡೆಲಿಕೇಟ್ ಸೌಂಡ್’ ಬಿಡಿಯಾಗಿ ಬಂತು: 2 ಸಿಡಿ, 3 ಎಲ್‌ಪಿ, ಬ್ಲೂ-ರೇ, ಡಿವಿಡಿ ಎಂದು ಬೇರೆಬೇರೆಯಾಗಿ, ಹಾಗೂ ಸಿಡಿ-ಬ್ಲೂ-ರೇ-ಡಿವಿಡಿ ಒಟ್ಟಿಗಿರುವ ಸಣ್ಣ ಪೆಟ್ಟಿಗೆಯಾಗಿ. 2021ರ ಏಪ್ರಿಲಿನಲ್ಲಿ ನೆಬ್‌ವರ್ತ್‌ನ ಧ್ವನಿಮುದ್ರಿಕೆ, ಅದೇ ವರ್ಷ ಅಕ್ಟೋಬರಿನಲ್ಲಿ 1987ರ ಸ್ಟುಡಿಯೊ ಆಲ್ಬಮ್ಮಿನ ಹೊಸ ಮಿಕ್ಸ್, 2022ರ ಫೆಬ್ರವರಿಯಲ್ಲಿ ‘ಪಲ್ಸ್’ ಬ್ಲೂ-ರೇ ಮತ್ತು ಡಿವಿಡಿ. ಮೊದಲೇ ಇಡೀ ಪೆಟ್ಟಿಗೆ ಕೊಂಡವರು ಕೈ ಹಿಸುಕಿಕೊಂಡರು. ಆದರೆ ಇದು ಹೊಸ ಚಾಳಿಯಲ್ಲ. 2016ರ ನವೆಂಬರಿನಲ್ಲಿ ಬಂದ 27 ಡಿಸ್ಕಿನ ‘ದಿ ಅರ್ಲಿ ಇಯರ್ಸ್’ ಕೂಡ ನಾಲ್ಕು ತಿಂಗಳಲ್ಲೇ ಸಂಪುಟ ಸಂಪುಟವಾಗಿ ಬಿಡಿ ಬಂದಿತ್ತು. ಅದನ್ನು ನೆನಪಿಟ್ಟವರು 2019ರಲ್ಲಿ ಸುಮ್ಮನೆ ಕಾದರು. ವೆನಿಸ್ ಮತ್ತು ನೆಬ್‌ವರ್ತ್‌ನ ಚಿತ್ರ ಮಾತ್ರ ಆ ಬಿಡಿ ಸರದಿಯಲ್ಲಿ ಬರಲಿಲ್ಲ. ಅವೆರಡೂ ಬೇಕೇ ಬೇಕು ಎನ್ನುವವರಿಗೆ ಇಡೀ ಪೆಟ್ಟಿಗೆ. ಉಳಿದವರಿಗೆ ಬಿಡಿಯೇ ಲೇಸು.

ಈಗ ಮೂಲದ ವಿಷಯ. ‘ಡೆಲಿಕೇಟ್ ಸೌಂಡ್’ ಅನ್ನು 1988ರಲ್ಲಿ ತೆಗೆದದ್ದು 35 ಮಿ.ಮೀ. ಫಿಲ್ಮಿನಲ್ಲಿ. ಆದರೆ 1989ರಲ್ಲಿ ಮನೆಗೆ ಬಂದದ್ದು ವಿಎಚ್‌ಎಸ್ ಕ್ಯಾಸೆಟ್ ಮತ್ತು ಲೇಸರ್ ಡಿಸ್ಕ್ ಆಗಿ: ಫಿಲ್ಮಿನಲ್ಲಿದ್ದ ವಿವರವೆಲ್ಲ ಟಿವಿಯ ಗೆರೆಗಳಲ್ಲಿ ಕರಗಿ, ಹೊಗೆ ಯಾವುದು ಮುಖ ಯಾವುದು ತಿಳಿಯದಂಥ ಮಬ್ಬು. ಮುಂದೆ ಮೂವತ್ತು ವರ್ಷ ಇದು ಡಿವಿಡಿಯಾಗಿಯೂ ಬರಲಿಲ್ಲ. 2019ಕ್ಕೆ ಮೂಲ ನೆಗೆಟಿವಿನ ನೂರಕ್ಕೂ ಹೆಚ್ಚು ಡಬ್ಬಗಳನ್ನು ತೆಗೆದು, ಹೊಸದಾಗಿ ಸ್ಕ್ಯಾನ್ ಮಾಡಿ, ಮೊದಲಿನಿಂದ ಸಂಕಲನ ಮಾಡಿದರು. ಫಿಲ್ಮಿನಲ್ಲಿ ಅಡಗಿದ್ದ ವಿವರ ಈಗ ಹೊರಬಂದಿದೆ. ಗಿಟಾರಿನ ತಂತಿ, ಬೆವರು, ಹಿಂದಿನ ಸಾಲಿನ ವಾದಕರ ಕೈ ಎಲ್ಲ ಕಾಣುತ್ತವೆ. ಸುಧಾರಣೆ ಎಂದರೆ ಇದು. ಇಲ್ಲಿ ಯಂತ್ರ ಏನನ್ನೂ ಕಲ್ಪಿಸಿಕೊಂಡಿಲ್ಲ, ಇದ್ದದ್ದನ್ನೇ ತೋರಿಸಿದೆ.

‘ಪಲ್ಸ್’ನ ಕಥೆ ಬೇರೆ. ಅದು ವಿಡಿಯೊ ಟೇಪಿನ ಕೂಸು. ಆ ಕಾಲದ ಬ್ರಿಟನ್ನಿನ ಟಿವಿ ಪದ್ಧತಿ ಪಾಲ್, ನಮ್ಮ ದೂರದರ್ಶನದ್ದೂ ಅದೇ. ಅದರಲ್ಲಿ ಚಿತ್ರಕ್ಕೆ 576 ಗೆರೆ. ಡಿಜಿಟಲ್ ಲೆಕ್ಕದಲ್ಲಿ ಅಗಲಕ್ಕೆ 720 ಚುಕ್ಕೆ, ಒಟ್ಟು ನಾಲ್ಕು ಲಕ್ಷದ ಚಿಲ್ಲರೆ. ಬ್ಲೂ-ರೇಯ ಚೌಕಟ್ಟು 1920 × 1080, ಅಂದರೆ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ. ಐದು ಚುಕ್ಕೆಯಲ್ಲಿ ಒಂದು ಟೇಪಿನದು, ನಾಲ್ಕು ಅಕ್ಕಪಕ್ಕ ನೋಡಿ ಯಂತ್ರ ಊಹಿಸಿದ್ದು. ‘ಬ್ಲೂ-ರೇ ಅಂತ ಬರೆದಿದ್ದಾರೆ, ಮುಖ ಮಾತ್ರ ಮೇಣದ ಗೊಂಬೆಯ ಹಾಗಿದೆ’ ಎಂದು ಬೈಯುವವರು ಬೈಯಬೇಕಾದ್ದು 1994ರ ಕ್ಯಾಮೆರಾಗಳನ್ನು. ಇಲ್ಲದ ವಿವರವನ್ನು ಯಾವ ಸ್ಟುಡಿಯೊವೂ ತಂದುಕೊಡಲಾರದು. ನಿಮ್ಮ ಕೈಲಿರುವ ಡಿಸ್ಕ್ ಯಾವ ಜಾತಿಯದೆಂದು ತಿಳಿಯಲು ಪಾಸ್ (ಚಿತ್ರ ತಡೆದು ನಿಲ್ಲಿಸುವ ಗುಂಡಿ) ಒತ್ತಿ, ಕೂದಲಿನ ಅಂಚು ಅಥವಾ ಜನಸಂದಣಿಯಲ್ಲಿನ ಒಂದು ಮುಖ ನೋಡಿ. ಫಿಲ್ಮಾದರೆ ರವೆಯಂಥ ಸಣ್ಣ ಕಣಗಳು ಮೈತುಂಬ ಇರುತ್ತವೆ. ಟೇಪಾದರೆ ಅಂಚುಗಳಲ್ಲಿ ಮೆಟ್ಟಿಲು, ಒಳಗೆ ನುಣುಪು.

ಹಾಗೆಂದು ‘ಪಲ್ಸ್’ ಬ್ಲೂ-ರೇ ಕೊಳ್ಳಬಾರದು ಎಂದಲ್ಲ, ಇಲ್ಲೊಂದು ಸೂಕ್ಷ್ಮವಿದೆ. 2006ರ ಜುಲೈಯಲ್ಲಿ ಬಂದ ಡಿವಿಡಿಯಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ ಕಾಣುತ್ತಿದ್ದದ್ದು ಕೆಂಪು ಬೆಳಕು ಮತ್ತು ಲೇಸರ್ ಹೊಗೆ. ಡಿವಿಡಿ ಬಣ್ಣದ ಮಾಹಿತಿಯನ್ನು ಕಪ್ಪು-ಬಿಳುಪಿನ ಮಾಹಿತಿಯ ಕಾಲು ಭಾಗದಷ್ಟೇ ಇಟ್ಟುಕೊಳ್ಳುತ್ತದೆ: 360 × 288. ವೇದಿಕೆಯೆಲ್ಲ ಒಂದೇ ಕೆಂಪಾದಾಗ ಬೆಳಕು-ನೆರಳಿನ ವ್ಯತ್ಯಾಸ ಕಡಿಮೆಯಾಗಿ, ಈ ಒರಟು ಬಣ್ಣದ ಜಾಲರಿ ಚೌಕಚೌಕವಾಗಿ ಎದ್ದು ಕಾಣುತ್ತದೆ. ಹೊಗೆಯದು ಇನ್ನೊಂದು ತರಲೆ. ಪ್ರತಿ ಕ್ಷಣ ಎಲ್ಲ ಚುಕ್ಕೆಗಳೂ ಬದಲಾಗುವ ಚಿತ್ರವನ್ನು ಸೆಕೆಂಡಿಗೆ ಹತ್ತು ಮೆಗಾಬಿಟ್‌ನೊಳಗೆ ಅದುಮಲು ಹೋದರೆ ಮಂಜು ಹಂಚಿನ ಮಾಡಿನಂತೆ ತುಂಡುತುಂಡಾಗುತ್ತದೆ. ಬ್ಲೂ-ರೇಯಲ್ಲಿ ಚಿತ್ರಕ್ಕೆ ನಲವತ್ತು ಮೆಗಾಬಿಟ್‌ವರೆಗೆ ಜಾಗವಿದೆ, ಬಣ್ಣದ ಜಾಲರಿಯೂ 960 × 540. ಆದ್ದರಿಂದ ಮುಖಗಳು ಹೆಚ್ಚು ಹರಿತವಾಗದಿದ್ದರೂ ಬೆಳಕು ಮಾತ್ರ ಟೇಪಿನಲ್ಲಿ ಇದ್ದಂತೆಯೇ ಬರುತ್ತದೆ. ‘ಕಂಫರ್ಟಬ್ಲಿ ನಂಬ್’ ಹಾಡಿನ ಕೊನೆಯ ಗಿಟಾರ್ ಸೋಲೋದಲ್ಲಿ ಸಭಾಂಗಣದ ನಡುವೆ ಏರುವ ಕನ್ನಡಿ ಚೆಂಡು ಹೂವಿನ ದಳದಂತೆ ಬಿಚ್ಚಿಕೊಳ್ಳುತ್ತದಲ್ಲ, ಆ ದೃಶ್ಯವನ್ನು ಎರಡರಲ್ಲೂ ಒಮ್ಮೆ ಹಾಕಿ ನೋಡಿ, ಉಳಿದ ವಾದವೇ ಬೇಡ. ಮಾರ್ಕ್ ಬ್ರಿಕ್‌ಮನ್ ಅವರ ಬೆಳಕಿನ ಕೆಲಸವೇ ಈ ಕಾರ್ಯಕ್ರಮದ ಅರ್ಧ ಜೀವ. ಆ ಅರ್ಧಕ್ಕಾಗಿ ಬ್ಲೂ-ರೇ ತಕ್ಕದ್ದು.

ವೆನಿಸ್ ನೇರ ಪ್ರಸಾರದ ಟಿವಿ ಚಿತ್ರ. ಸೇಂಟ್ ಮಾರ್ಕ್ಸ್ ಚೌಕದ ಎದುರು ನೀರಿನ ಮೇಲೆ ತೇಲುವ ವೇದಿಕೆ, ದಡದಲ್ಲಿ ಎರಡು ಲಕ್ಷ ಜನ, ಹಳೆಯ ಕಟ್ಟಡಗಳಿಗೆ ಧಕ್ಕೆಯಾದೀತೆಂಬ ಭಯದಿಂದ ಸದ್ದಿಗೆ ಕಡಿವಾಣ, ಪ್ರಸಾರದ ಗಡಿಯಾರಕ್ಕೆ ಹೊಂದಿಸಿ ಕಾರ್ಯಕ್ರಮಕ್ಕೂ ಕತ್ತರಿ. ಸಂಗೀತವಾಗಿ ನಾಲ್ಕರಲ್ಲಿ ಇದೇ ಪೇಲವ, ದಾಖಲೆಯಾಗಿ ಅಪರೂಪದ್ದು. ನೆಬ್‌ವರ್ತ್ ಚಿಕ್ಕದು, ಆದರೆ 1973ರ ಸ್ಟುಡಿಯೊ ಆಲ್ಬಮ್ಮಿನಲ್ಲಿ ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ ಹಾಡಿದ್ದ ಕ್ಲೇರ್ ಟೋರಿ ಅವರೇ ಇಲ್ಲಿ ವೇದಿಕೆ ಮೇಲೆ ಹಾಡಿದ್ದಾರೆ, ಸ್ಯಾಕ್ಸೊಫೋನಿಗೆ ಕ್ಯಾಂಡಿ ಡಲ್ಫರ್ ಬಂದಿದ್ದಾರೆ. ಇವರಿಬ್ಬರಿಗಾಗಿಯೇ ಆ ಸಿಡಿ ಸಾರ್ಥಕ.

ಬರಹಗಾರರು ಮಾಡಿದ ಇನ್ನೊಂದು ತಪ್ಪು, ‘ಪಲ್ಸ್’ ಆಲ್ಬಮ್ ಮತ್ತು ‘ಪಲ್ಸ್’ ವಿಡಿಯೊ ಎರಡನ್ನೂ ಒಂದೇ ಎಂದದ್ದು. ಅಲ್ಲ. 1995ರ ಜೋಡಿ ಸಿಡಿಯನ್ನು ಯುರೋಪ್ ಮತ್ತು ಬ್ರಿಟನ್ನಿನ ಹಲವು ರಾತ್ರಿಗಳಿಂದ ಆಯ್ದು ಕಟ್ಟಿದ್ದಾರೆ, 24 ಟ್ರ್ಯಾಕ್. ವಿಡಿಯೊ ಒಂದೇ ರಾತ್ರಿಯದು, 22 ಹಾಡು. ‘ಆಸ್ಟ್ರಾನಮಿ ಡೊಮಿನೆ’, ‘ವಾಟ್ ಡು ಯು ವಾಂಟ್ ಫ್ರಮ್ ಮಿ’, ‘ಹೇ ಯು’, ‘ಎ ಗ್ರೇಟ್ ಡೇ ಫಾರ್ ಫ್ರೀಡಮ್’ ಆಲ್ಬಮ್ಮಿನಲ್ಲಿವೆ, ಆ ರಾತ್ರಿ ನುಡಿಸಲಿಲ್ಲ. ‘ಟೇಕ್ ಇಟ್ ಬ್ಯಾಕ್’ ವಿಡಿಯೊದಲ್ಲಿದೆ, ಆಲ್ಬಮ್ಮಿನಲ್ಲಿ ಇಲ್ಲ. ‘ಒನ್ ಆಫ್ ದೀಸ್ ಡೇಸ್’ ವಿಡಿಯೊದಲ್ಲೂ 1995ರ ಎಲ್‌ಪಿ, ಕ್ಯಾಸೆಟ್ಟಿನಲ್ಲೂ ಇದೆ, ಸಿಡಿಯಲ್ಲಿ ಇಲ್ಲ. ಹೀಗಾಗಿ ಬ್ಲೂ-ರೇ ಬಂತೆಂದು ಹಳೆಯ ಸಿಡಿಯನ್ನು ಗುಜರಿಗೆ ಹಾಕುವುದು ದಡ್ಡತನ. ಎರಡರಲ್ಲೂ 1973ರ ಆ ಆಲ್ಬಮ್, ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’, ಮೊದಲಿನಿಂದ ಕೊನೆಯವರೆಗೆ ಪೂರ್ತಿ ಇರುವುದು ಮಾತ್ರ ಸಮಾನ.

‘ಡೆಲಿಕೇಟ್ ಸೌಂಡ್’ನಲ್ಲೂ ಇಂಥದ್ದೇ ಗೊಂದಲ. 1988ರ ಸಿಡಿಯಲ್ಲಿ 15 ಟ್ರ್ಯಾಕ್. ಎಲ್‌ಪಿಯಲ್ಲಿ ‘ಅಸ್ ಅಂಡ್ ದೆಮ್’ ಬಿಟ್ಟುಹೋಗಿತ್ತು. ಹೊಸ ಆವೃತ್ತಿಯಲ್ಲಿ ‘ವೆಲ್‌ಕಮ್ ಟು ದಿ ಮಶೀನ್’, ‘ಆನ್ ದಿ ರನ್’, ‘ದಿ ಗ್ರೇಟ್ ಗಿಗ್’ ಮೊದಲಾದವು ಸೇರಿ ಕಾರ್ಯಕ್ರಮ ತನ್ನ ನಿಜವಾದ ಉದ್ದಕ್ಕೆ ಹತ್ತಿರ ಬಂದಿದೆ. ಧ್ವನಿ ತಂತ್ರಜ್ಞ ಆಂಡಿ ಜ್ಯಾಕ್ಸನ್, ಡೇಮನ್ ಇಡಿನ್ಸ್ ಜೊತೆಗೂಡಿ, ಮಲ್ಟಿಟ್ರ್ಯಾಕ್ ಟೇಪಿನಿಂದ (ವಾದ್ಯಗಳನ್ನು ಬೇರೆಬೇರೆಯಾಗಿ ಮುದ್ರಿಸಿದ ಟೇಪು) ಪೂರ್ತಿ ಮರುಮಿಕ್ಸ್ ಮಾಡಿದ್ದಾರೆ. ಇಲ್ಲಿ ಅಭಿಮಾನಿಗಳು ಎರಡು ಬಣ. ಹಳೆಯ ಮಿಕ್ಸಿನ ಆ ದೊಡ್ಡ ಮೊಳಗು, ಸ್ನೇರ್ ಡ್ರಮ್ಮಿನ ಹಿಂದೆ ಮೈಲುದ್ದ ಪ್ರತಿಧ್ವನಿ, ಅದೇ ಎಂಬತ್ತರ ದಶಕದ ಸೊಗಸು ಎನ್ನುವವರು ಒಂದು ಕಡೆ. ಆ ಮೊಳಗಿನಲ್ಲಿ ರೈಟ್ ಅವರ ಕೀಬೋರ್ಡು ಮುಳುಗಿ ಹೋಗಿತ್ತು, ಈಗ ಉಸಿರಾಡುತ್ತಿದೆ ಎನ್ನುವವರು ಇನ್ನೊಂದು ಕಡೆ. ನಾವು ಎರಡನೆಯ ಬಣ. ಡ್ರಮ್ಸಿಗೆ ಮೇಸನ್, ತಾಳವಾದ್ಯಕ್ಕೆ ಗ್ಯಾರಿ ವಾಲಿಸ್ ಇಬ್ಬರೂ ಒಟ್ಟಿಗೆ ಬಾರಿಸುವ ತಂಡವಿದು. ಯಾವ ಪೆಟ್ಟು ಯಾರದು ಎಂದು ಕಿವಿಗೆ ಬಿಡಿಸಿ ಕೇಳುವುದು ಹೊಸ ಮಿಕ್ಸಿನಲ್ಲೇ. ಆದರೂ 1988ರ ಡಿಸ್ಕ್ ಇದ್ದವರು ಇಟ್ಟುಕೊಳ್ಳಿ. ಹೊಸ ಮಿಕ್ಸ್ ಹಳೆಯದಕ್ಕೆ ಮೆರುಗು ಹಾಕಿದ್ದಲ್ಲ, ಅದೇ ರಾತ್ರಿಗಳ ಬೇರೆ ಓದು. (ಅದೇ ಆಲ್ಬಮ್ಮಿನ ಕ್ಯಾಸೆಟ್ಟನ್ನು 1988ರ ನವೆಂಬರಿನಲ್ಲಿ ಸೋಯುಜ್ ಟಿಎಂ-7ರ ಗಗನಯಾತ್ರಿಗಳು ಬಾಹ್ಯಾಕಾಶಕ್ಕೆ ಒಯ್ದಾಗ ತೂಕ ಉಳಿಸಲು ಪ್ಲಾಸ್ಟಿಕ್ ಡಬ್ಬಿಯನ್ನು ಭೂಮಿಯಲ್ಲೇ ಬಿಟ್ಟು ಹೋದರಂತೆ. ಪೊಟ್ಟಣದ ಬಗ್ಗೆ ಸರಿಯಾದ ನಿಲುವು ತಳೆದವರು ಅವರೊಬ್ಬರೇ.)

ಡಿಸ್ಕ್ ಚೆನ್ನಾಗಿದ್ದೂ ಮನೆಯಲ್ಲಿ ಕೆಟ್ಟದಾಗಿ ಕೇಳಿಸಲು, ಕಾಣಿಸಲು ಕೆಲವು ಕಾರಣಗಳಿವೆ. ದೂರುಗಳಲ್ಲಿ ಅರ್ಧಕ್ಕರ್ಧ ಇವೇ.

ಎರಡೇ ಸ್ಪೀಕರ್ ಇದ್ದು ಮೆನುವಿನಲ್ಲಿ 5.1 (ಸುತ್ತಲೂ ಆರು ಸ್ಪೀಕರಿಗೆಂದು ಮಾಡಿದ ಧ್ವನಿ) ಆರಿಸಿದರೆ ಗಿಲ್ಮೋರರ ದನಿ ಹಿಂದೆ ಸರಿದು ಜನರ ಚಪ್ಪಾಳೆ ಮುಂದೆ ಬರಬಹುದು. ಆರು ದಾರಿಯ ಮಿಕ್ಸಿನಲ್ಲಿ ಗಾಯನದ ಬಹುಪಾಲು ನಡುವಿನ ಸ್ಪೀಕರಿಗೆ ಹೋಗುತ್ತದೆ. ಪ್ಲೇಯರ್ ಅದನ್ನು ಎಡಬಲಕ್ಕೆ ಸರಿಯಾಗಿ ಹಂಚದಿದ್ದರೆ ದನಿ ಕಳೆದುಹೋದ ಹಾಗೆಯೇ. ಮೆನುವಿನಲ್ಲಿ ಸ್ಟೀರಿಯೊ ಟ್ರ್ಯಾಕ್ ಆರಿಸಿ. ಅದು 5.1ಅನ್ನು ಕುಗ್ಗಿಸಿದ್ದಲ್ಲ, ಎರಡು ಸ್ಪೀಕರಿಗೆಂದೇ ಮಾಡಿದ ಮಿಕ್ಸ್.

2006ರ ‘ಪಲ್ಸ್’ ಡಿವಿಡಿಯಲ್ಲಿ 5.1 ಎರಡು ಬಗೆಯದಿದೆ, ಸೆಕೆಂಡಿಗೆ 448 ಮತ್ತು 640 ಕಿಲೋಬಿಟ್. 640 ಒತ್ತಿದರೆ ಹಳೆಯ ಪ್ಲೇಯರುಗಳಲ್ಲಿ ಸದ್ದೇ ಬರದಿರಬಹುದು. ಡಿಸ್ಕ್ ಹಾಳಾಗಿಲ್ಲ. ಡಿವಿಡಿಯ ನಿಯಮದಲ್ಲಿ ಡಾಲ್ಬಿ ಧ್ವನಿಗೆ 448 ಮೇಲ್ಮಿತಿ. 640 ಆ ಗಡಿ ದಾಟಿದ್ದು. 448ಕ್ಕೆ ಬನ್ನಿ.

ಬ್ಲೂ-ರೇ ಪ್ಲೇಯರನ್ನು ಟಿವಿಗೆ ಸಿಕ್ಕಿಸಿ, ಟಿವಿಯಿಂದ ಸೌಂಡ್‌ಬಾರಿಗೆ ಆಪ್ಟಿಕಲ್ ಅಥವಾ ಸಾದಾ ಎಆರ್‌ಸಿ (ಎಚ್‌ಡಿಎಂಐ ಮೂಲಕ ಟಿವಿಯ ಧ್ವನಿಯನ್ನು ಹೊರಗೆ ಕಳಿಸುವ ದಾರಿ) ತಂತಿ ಎಳೆಯುವುದು ನಮ್ಮ ಮನೆಗಳ ವಾಡಿಕೆ. ಆ ದಾರಿ ಕಿರಿದು. ಅದರಲ್ಲಿ ಅದುಮಿದ 5.1 ಅಥವಾ ಎರಡು ದಾರಿಯ ಧ್ವನಿ ಮಾತ್ರ ಸಾಗುತ್ತದೆ, ಬ್ಲೂ-ರೇಯ ನಷ್ಟವಿಲ್ಲದ 5.1 ಸಾಗದು. ಪ್ಲೇಯರಿನಿಂದ ನೇರವಾಗಿ ರಿಸೀವರಿಗೆ (ಸ್ಪೀಕರುಗಳನ್ನು ನಡೆಸುವ ಆಂಪ್ಲಿಫೈಯರ್) ಎಚ್‌ಡಿಎಂಐ ಕೊಟ್ಟು ಅಲ್ಲಿಂದ ಟಿವಿಗೆ ಚಿತ್ರ ಕಳಿಸಿ. ಇಲ್ಲವೇ ಟಿವಿ, ಸೌಂಡ್‌ಬಾರ್ ಎರಡರಲ್ಲೂ ಇ-ಎಆರ್‌ಸಿ, ಅಂದರೆ ಅದೇ ದಾರಿಯ ಹೊಸ, ಅಗಲವಾದ ರೂಪ, ಇರಬೇಕು. ಹಿಂದಿನ ಸ್ಪೀಕರುಗಳನ್ನು ಬೆನ್ನ ಹಿಂದೆ ಗೋಡೆಯ ಮೂಲೆಗೆ ತಳ್ಳಬೇಡಿ. ಕುಳಿತವರ ಮೂಗಿನ ನೇರಕ್ಕೆ ಸೊನ್ನೆ ಎಂದರೆ ಮುಂದಿನವು 30 ಡಿಗ್ರಿ, ಹಿಂದಿನವು ಸುಮಾರು 110 ಡಿಗ್ರಿ: ಕಿವಿಯಿಂದ ತುಸುವೇ ಹಿಂದೆ. ‘ಟೈಮ್’ನ ಗಡಿಯಾರಗಳು, ‘ಮನಿ’ಯ ನಾಣ್ಯದ ಸದ್ದು ತಲೆಯ ಸುತ್ತ ಸುಳಿಯುವುದು ಆಗ.

1995ರ ಸಿಡಿಗೆ ಮಾತ್ರ ಬೇರೆ ಪಥ್ಯ. ಅದನ್ನು ಕ್ಯೂ-ಸೌಂಡ್ ಎಂಬ ವಿಧಾನದಲ್ಲಿ ಮಿಕ್ಸ್ ಮಾಡಿದ್ದಾರೆ. ಎರಡೇ ಸ್ಪೀಕರಿನಿಂದ ಧ್ವನಿಯನ್ನು ಸ್ಪೀಕರುಗಳ ಆಚೆಗೂ ಹರಡುವ ತಂತ್ರ ಅದು. ನಡುವೆ ಸರಿಯಾಗಿ ಕುಳಿತರೆ ಮಾತ್ರ ಫಲಿಸುತ್ತದೆ. ಇದರ ಮೇಲೆ ಸೌಂಡ್‌ಬಾರಿನ ‘ವರ್ಚುವಲ್ ಸರೌಂಡ್’ ಗುಂಡಿ ಒತ್ತಿದಿರೋ, ಬಣ್ಣದ ಮೇಲೆ ಬಣ್ಣ ಬಳಿದು ಎಲ್ಲ ಕಲಸುಮೇಲೋಗರ. ಆ ಗುಂಡಿ ಆಫ್ ಇರಲಿ. ಹಾಗೆಯೇ ಸಿಡಿಯನ್ನು ಎಂಪಿ3 ಮಾಡಿ ಕೇಳುವವರಿಗೆ ‘ಡಾರ್ಕ್ ಸೈಡ್’ ಭಾಗದಲ್ಲಿ ಹಾಡಿನಿಂದ ಹಾಡಿಗೆ ಹೋಗುವಾಗ ಟಕ್ ಎಂದು ಕಡಿತ ಕೇಳಿಸುತ್ತದೆ. ಎಂಪಿ3 ಪ್ರತಿ ಫೈಲಿನ ಆದಿ ಅಂತ್ಯಕ್ಕೆ ಚೂರು ಮೌನ ಸೇರಿಸುವುದರಿಂದ ಹಾಗಾಗುತ್ತದೆ. ಫ್ಲ್ಯಾಕ್ ಎಂಬ ನಷ್ಟವಿಲ್ಲದ ಫೈಲಿಗೆ ಇಳಿಸಿಕೊಂಡು, ಗ್ಯಾಪ್‌ಲೆಸ್ (ಹಾಡುಗಳ ನಡುವೆ ತೆರಪಿಲ್ಲದೆ ನುಡಿಸುವ) ಬೆಂಬಲವಿರುವ ಪ್ಲೇಯರಿನಲ್ಲಿ ಕೇಳಿ.

ಚಿತ್ರಕ್ಕೆ ಮಾಡಬೇಕಾದ್ದು ಕಡಿಮೆ. ಟಿವಿಯ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ‘ಡೆಲಿಕೇಟ್ ಸೌಂಡ್’ನ ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟಿನದು, ಟಿವಿ ನಡುನಡುವೆ ತನ್ನ ಚೌಕಟ್ಟು ತುರುಕಿದರೆ ಧಾರಾವಾಹಿಯ ಕಳೆ ಬರುತ್ತದೆ. ಶಾರ್ಪ್‌ನೆಸ್ ತಗ್ಗಿಸಿ, ನಾಯ್ಸ್ ರಿಡಕ್ಷನ್ ತೆಗೆಯಿರಿ, ಅದು ಫಿಲ್ಮಿನ ಕಣವನ್ನೂ ಹೊಗೆಯನ್ನೂ ಒಟ್ಟಿಗೆ ಒರೆಸಿಹಾಕುತ್ತದೆ. 2006ರ ಡಿವಿಡಿ 4:3 ಅಳತೆಯದು. ಅಗಲ ಟಿವಿ ತುಂಬಲಿ ಎಂದು ಎಳೆದರೆ ಗಿಲ್ಮೋರ್ ಕುಳ್ಳಗೆ ದಪ್ಪಗೆ ಕಾಣುತ್ತಾರೆ. ಎರಡು ಬದಿ ಕಪ್ಪು ಪಟ್ಟಿ ಇರಲಿ ಬಿಡಿ.

ಇನ್ನು ‘ಪಲ್ಸ್’ನ ಆ ಪ್ರಸಿದ್ಧ ಕೆಂಪು ದೀಪ. 1995ರ ಮೊದಲ ಸಿಡಿಗಳ ರಟ್ಟಿನ ಪೆಟ್ಟಿಗೆಯ ಬೆನ್ನಿನಲ್ಲಿ ಒಂದು ಎಲ್‌ಇಡಿ ಸೆಕೆಂಡಿಗೊಮ್ಮೆ ನಾಡಿಯಂತೆ ಮಿಡಿಯುತ್ತಿತ್ತು. 2022ರ ಆವೃತ್ತಿಯಲ್ಲೂ ಅದನ್ನು ಮತ್ತೆ ತಂದಿದ್ದಾರೆ, ಎರಡು ಎಎ ಸೆಲ್ ಹಾಕಿ. ಹಳೆಯ ಪೆಟ್ಟಿಗೆಗಳನ್ನು ಕೊಲ್ಲುತ್ತಿರುವುದು ಇದೇ ದೀಪ. ಅಲ್ಕಲೈನ್ ಸೆಲ್ ವರ್ಷಗಟ್ಟಲೆ ಒಳಗೇ ಉಳಿದರೆ ಸೋರುತ್ತದೆ. ಸೋರಿದ ಕ್ಷಾರ ಮೊದಲು ಸ್ಪ್ರಿಂಗನ್ನು, ಆಮೇಲೆ ತಂತಿಯ ಬೆಸುಗೆಯನ್ನು, ಕೊನೆಗೆ ರಟ್ಟನ್ನು ತಿನ್ನುತ್ತದೆ. ಬೆನ್ನಿನ ಒಳಗೆ ಬಿಳಿ ಪುಡಿ ಕಂಡರೆ ಕೈಗವಸು ಹಾಕಿಕೊಂಡು ಸೆಲ್ ತೆಗೆಯಿರಿ. ಪುಡಿಯನ್ನು ಒಣ ಬ್ರಷ್ಷಿನಿಂದ ಹೊರಗೆ ಗುಡಿಸಿ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಒಂದೆರಡು ಹನಿ ವಿನಿಗರ್ ಅಥವಾ ನಿಂಬೆರಸ ತಾಗಿಸಿ ಲೋಹದ ಭಾಗ ಮಾತ್ರ ಒರೆಸಿ. ನೊರೆ ನಿಂತ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನ ಕಡ್ಡಿಯಿಂದ ಇನ್ನೊಮ್ಮೆ. ರಟ್ಟಿಗೆ ತೇವ ತಾಕಬಾರದು, ಉಬ್ಬಿದ ರಟ್ಟು ಮತ್ತೆ ಸಮನಾಗದು.

ಹೊಸ ಸೆಲ್ ಹಾಕುವಾಗ ಎರಡು ಎಚ್ಚರಿಕೆ. ರೀಚಾರ್ಜ್ ಮಾಡುವ ಸಾದಾ ಎಎ ಸೆಲ್ 1.2 ವೋಲ್ಟಿನದು, ಅದರಲ್ಲಿ ದೀಪ ಮಂಕಾಗಬಹುದು ಅಥವಾ ಹೊತ್ತದಿರಬಹುದು. ಇನ್ನೊಂದು ಅಪಾಯಕಾರಿ: 14500 ಎಂಬ ಲಿಥಿಯಂ ರೀಚಾರ್ಜ್ ಸೆಲ್ ನೋಡಲು ಎಎ ಹಾಗೆಯೇ, ಗೂಡಿಗೂ ಸರಿಯಾಗಿ ಕೂರುತ್ತದೆ, ಆದರೆ ಅದು 3.7 ವೋಲ್ಟ್. ಹಾಕಿದರೆ ಸರ್ಕ್ಯೂಟೇ ಸುಟ್ಟುಹೋದೀತು. 1.5 ವೋಲ್ಟಿನ, ರೀಚಾರ್ಜ್ ಆಗದ ಲಿಥಿಯಂ ಎಎ ಸಿಗುತ್ತದೆ. ದುಬಾರಿ, ಆದರೆ ಸೋರುವುದು ತೀರಾ ಅಪರೂಪ. ಎಲ್ಲಕ್ಕಿಂತ ಒಳ್ಳೆಯದು, ಬಂದವರಿಗೆ ತೋರಿಸಿ ಆದ ಮೇಲೆ ಸೆಲ್ ತೆಗೆದಿಡುವುದು.

ನಮ್ಮ ಕರಾವಳಿ, ಮಲೆನಾಡಿನವರಿಗೆ ಮಳೆಗಾಲದ ಬೂಸು ಈ ದೀಪಕ್ಕಿಂತ ದೊಡ್ಡ ಶತ್ರು. ರಟ್ಟಿನ ಜೇಬಿನಲ್ಲಿ ಡಿಸ್ಕನ್ನು ಹಾಗೇ ಇಡಬೇಡಿ. ಒಳಗೆ ಹೊರಗೆ ತೆಗೆಯುವಾಗ ಗೀರು ಬೀಳುತ್ತದೆ, ಬೂಸು ರಟ್ಟಿನಿಂದ ಡಿಸ್ಕಿಗೆ ಹತ್ತುತ್ತದೆ. ತೆಳುವಾದ ಪಾಲಿಥೀನ್ ಒಳಚೀಲ ಹಾಕಿ. ಪಿವಿಸಿ ಚೀಲ ಬೇಡ, ಅದರಿಂದ ಹೊರಡುವ ಅನಿಲಕ್ಕೆ ವಿನೈಲಿನ ಮೇಲೆ ಅಳಿಸಲಾಗದ ಮಂಜು ಕೂರುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಸಾಲದು, ತಿಂಗಳಿಗೊಮ್ಮೆ ಅದನ್ನು ಬಿಸಿ ಮಾಡಿ ಒಣಗಿಸಲೂಬೇಕು. ತೇವ ಕುಡಿದು ತುಂಬಿದ ಜೆಲ್ ಬರೀ ಮರಳು. ಸಿಡಿ, ಬ್ಲೂ-ರೇಗಳನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಎಲ್‌ಪಿಯನ್ನು ಗೆರೆಯ ಜಾಡಿನಲ್ಲೇ ಸುತ್ತಿಸಿ. ಬೂಸು ಹಿಡಿದ ವಿಎಚ್‌ಎಸ್ ಕ್ಯಾಸೆಟ್ ಸಿಕ್ಕರೆ ವಿಸಿಆರಿಗೆ ತುರುಕಬೇಡಿ. ಹೆಡ್ಡಿಗೆ ಅಂಟಿದ ಬೂಸು ಮುಂದಿನ ಎಲ್ಲ ಕ್ಯಾಸೆಟ್ಟಿಗೂ ಹಬ್ಬುತ್ತದೆ.

ಹಳೆಯ ಪ್ರತಿ ಕೊಳ್ಳುವವರು ಡಿಸ್ಕಿನ ಹೊಟ್ಟೆ ನೋಡಿ. ಕಾರ್ಖಾನೆಯಲ್ಲಿ ಒತ್ತಿದ ಡಿವಿಡಿ ಬೆಳ್ಳಿಯ ಬಣ್ಣಕ್ಕೋ, ಎರಡು ಪದರದ್ದಾದರೆ ತುಸು ಹೊಂಬಣ್ಣಕ್ಕೋ ಇರುತ್ತದೆ. ನೇರಳೆ ಛಾಯೆ ಇದ್ದರೆ ಅದು ಯಾರೋ ಮನೆಯಲ್ಲಿ ಬರೆದ ನಕಲು. ಯಾವ ದೇಶದ ಡಿಸ್ಕ್ ಎಲ್ಲಿಯ ಪ್ಲೇಯರಿನಲ್ಲಿ ಓಡಬೇಕೆಂಬ ವಿಂಗಡಣೆಯಲ್ಲಿ ಭಾರತ ಡಿವಿಡಿಗೆ 5ನೇ ವಲಯ, ಬ್ಲೂ-ರೇಗೆ ಸಿ ವಲಯ. ಸಂಗೀತದ ಡಿಸ್ಕುಗಳು ಬಹುತೇಕ ವಲಯದ ಬೀಗವಿಲ್ಲದವು, ಆದರೂ ಹೊರದೇಶದಿಂದ ತರಿಸುವ ಮೊದಲು ಹಿಂಬದಿಯ ಗುರುತು ನೋಡಿಕೊಳ್ಳುವುದು ಕ್ಷೇಮ.

ಬರಹದ ಕೊನೆಯಲ್ಲಿ ವಾಟರ್ಸ್ ಬೆಂಗಳೂರಿಗೆ ಬಂದದ್ದರ ಪ್ರಸ್ತಾಪವಿದೆ. 2002ರ ಏಪ್ರಿಲಿನಲ್ಲಿ ಅವರು ಇಲ್ಲಿ ಹಾಡಿದ್ದು ನಿಜ. ಆದರೆ ಅದು ಅವರ ಸ್ವಂತ ತಂಡ. ಆ ಪ್ರವಾಸದ ಹೆಸರಿನ ‘ಇನ್ ದಿ ಫ್ಲೆಶ್’ ಲೈವ್ ಆಲ್ಬಮ್ಮಿಗೆ ಮುದ್ರಿಸಿಕೊಂಡದ್ದು 2000ದಲ್ಲಿ ಅಮೆರಿಕದಲ್ಲಿ. ಬೆಂಗಳೂರಿನ ಚಪ್ಪಾಳೆಯನ್ನು ಅದರಲ್ಲಿ ಹುಡುಕಬೇಡಿ, ‘ಲೇಟರ್ ಇಯರ್ಸ್’ನಲ್ಲಂತೂ ವಾಟರ್ಸ್ ಇಲ್ಲವೇ ಇಲ್ಲ.

ನಾಲ್ವರೂ, ಅಂದರೆ ವಾಟರ್ಸ್, ಗಿಲ್ಮೋರ್, ರೈಟ್, ಮೇಸನ್, ಒಟ್ಟಿಗೆ ನುಡಿಸುವುದನ್ನು ನೋಡಬೇಕೆಂದರೆ 2025ರ ಮೇ ತಿಂಗಳಲ್ಲಿ ಬಂದ ಪಾಂಪೆ ಸಂಗೀತ ಚಿತ್ರದ ಹೊಸ ಆವೃತ್ತಿ ಇದೆ. 1971ರ ಅಕ್ಟೋಬರಿನಲ್ಲಿ ಇಟಲಿಯ ಪಾಂಪೆಯ ರೋಮನ್ ಬಯಲು ರಂಗದಲ್ಲಿ, ಪ್ರೇಕ್ಷಕರೇ ಇಲ್ಲದೆ, ಏಡ್ರಿಯನ್ ಮೇಬೆನ್ ಚಿತ್ರೀಕರಿಸಿದ್ದು. ಅಲ್ಲಿ ತೆಗೆದವು ‘ಎಕೋಸ್’, ‘ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್’, ‘ಒನ್ ಆಫ್ ದೀಸ್ ಡೇಸ್’ ಮಾತ್ರ. ಉಳಿದವು ಪ್ಯಾರಿಸ್ಸಿನ ಸ್ಟುಡಿಯೊದವು. ‘ಒನ್ ಆಫ್ ದೀಸ್ ಡೇಸ್’ನಲ್ಲಿ ಬಹುಪಾಲು ಮೇಸನ್ ಒಬ್ಬರೇ ಕಾಣುವುದಕ್ಕೆ ಕಾರಣ ಕಲೆಯಲ್ಲ, ಉಳಿದ ರೀಲುಗಳು ಕಳೆದುಹೋದದ್ದು. ಇದೂ 35 ಮಿ.ಮೀ. ಮೂಲ ನೆಗೆಟಿವಿನಿಂದ 4ಕೆ ಸ್ಕ್ಯಾನ್ ಆದದ್ದು, ಧ್ವನಿಯ ಹೊಸ ಮಿಕ್ಸ್ ಸಂಗೀತಗಾರ ಸ್ಟೀವನ್ ವಿಲ್ಸನ್ ಅವರದು. 2003ರ ಡಿವಿಡಿಯಲ್ಲಿ ಚಿತ್ರದ ಮೇಲೆ ಕೆಳಗೆ ಕತ್ತರಿಸಿ, ನಡುವೆ ಕಂಪ್ಯೂಟರ್ ಗ್ರಾಫಿಕ್ಸ್ ತುರುಕಿ ಅಭಿಮಾನಿಗಳಿಂದ ಬೈಸಿಕೊಂಡಿದ್ದರು. ಅದನ್ನು ನೋಡಿ ಈ ಚಿತ್ರದ ಮೇಲೆ ಮುನಿಸಿಕೊಂಡವರು ಒಮ್ಮೆ ಹೊಸದನ್ನು ನೋಡಬಹುದು. ಮೇಸನ್ ಕೈಯಿಂದ ಕೋಲು ಜಾರಿ, ತಾಳ ತಪ್ಪದೆ ಇನ್ನೊಂದನ್ನು ಎತ್ತಿಕೊಳ್ಳುವ ಆ ಕ್ಷಣ ಈಗ ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟ.

ಹೀಗಾಗಿ ನಮ್ಮ ಲೆಕ್ಕದಲ್ಲಿ ಕೊಳ್ಳುವ ಸರದಿ ಇದು: ಮೊದಲು ‘ಡೆಲಿಕೇಟ್ ಸೌಂಡ್’ ಬ್ಲೂ-ರೇ, ಆಮೇಲೆ ಪಾಂಪೆ, ದೊಡ್ಡ ಟಿವಿ ಮತ್ತು ಒಳ್ಳೆಯ ಸ್ಪೀಕರ್ ಇದ್ದರೆ ‘ಪಲ್ಸ್’ ಬ್ಲೂ-ರೇ. 1995ರ ಸಿಡಿ ಯಾರ ಮನೆಯಲ್ಲಾದರೂ ಧೂಳು ತಿನ್ನುತ್ತಿದ್ದರೆ ಕೇಳಿ ಇಸಿದುಕೊಳ್ಳಿ. ಇಡೀ ಪೆಟ್ಟಿಗೆ ಕೊನೆಗೆ, ಅದೂ ವೆನಿಸ್ ನೋಡದೆ ನಿದ್ದೆ ಬಾರದವರಿಗೆ.

ಪತ್ರ ಉದ್ದವಾಗಿದೆ ಎಂದು ಗೊತ್ತು. ಜಾಗ ಸಾಲದೆ ಕತ್ತರಿ ಹಾಕುವುದಾದರೆ ನಮ್ಮ ಅಭಿಪ್ರಾಯಗಳನ್ನೆಲ್ಲ ಕತ್ತರಿಸಿ, 14500 ಸೆಲ್ಲಿನ ಸಾಲು ಮಾತ್ರ ಬಿಡಿ.

ಇಂತಿ,
ನಾಲ್ವರು ಕೇಳುಗರು, ಬೆಂಗಳೂರು